ಕುರಿಗೆ ಮುಖ ತೋರಿಸುವ ಶಾಸ್ತ್ರ

ನಮ್ಮ ಚಿಕ್ಕಪ್ಪನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇಲ್ಲ. ಒಂದು ವೇಳೆ ಇದ್ದರೆ, ಅದು ಅವರಿಗೆ ಗೊತ್ತಿಲ್ಲ!

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನನ್ನನ್ನು ಕೇಳಬೇಡಿ. ಅವರನ್ನೇ ಕೇಳಿ, ತಕ್ಷಣ ಉತ್ತರ ಸಿಗುತ್ತದೆ. ಮಳೆ ಯಾವಾಗ ಬರುತ್ತದೆ, ಚಂದ್ರನ ಮೇಲೆ ಮಣ್ಣು ಕೆಂಪೋ ಕಪ್ಪೋ, ನಿಮ್ಮ ಮೊಬೈಲು ಯಾಕೆ ಬಿಸಿಯಾಗುತ್ತದೆ, ಏನು ಬೇಕಾದರೂ ಕೇಳಿ. ಉತ್ತರ ಸರಿಯಾಗಿರಬೇಕೆಂಬ ಹಟ ನಿಮಗಿರಬಾರದು, ಅಷ್ಟೆ. 'ಗೊತ್ತಿಲ್ಲ' ಎಂಬ ಮೂರಕ್ಷರ ಮಾತ್ರ ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿರಲಿಲ್ಲ. ಮದುವೆಯಾಗಿ ಮೂವತ್ತು ವರ್ಷ ಕಳೆದ ಚಿಕ್ಕಮ್ಮನೂ ಕೇಳಿರಲಿಲ್ಲ.

ಅವರ ಊರು ಕಿರುಗಾವಲಿನಿಂದ ಎರಡು ಮೈಲಿ. ಒಂದು ಮಧ್ಯಾಹ್ನ ನಾವಿಬ್ಬರೂ ಕಿರುಗಾವಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಒಂದು ಕಾರು ಬಂದು ನಿಂತಿತು. ಒಳಗಿದ್ದವರು ಯಾವುದೋ ಊರಿನ ಹೆಸರು ಹೇಳಿ ದಾರಿ ಕೇಳಿದರು. ಆ ಹೆಸರಿನ ಊರು ನಮ್ಮ ಸೀಮೆಯಲ್ಲಿ ಇರುವುದನ್ನು ನಾನು ಕೇಳಿಲ್ಲ. ಚಿಕ್ಕಪ್ಪನೂ ಕೇಳಿಲ್ಲ. ಆದರೂ ಕೈ ಚಾಚಿ, "ನೆಟ್ಟಗೆ ಓಗಿ, ಒಂದ್ ಆಲದ್ ಮರ ಸಿಕ್ತದೆ, ಎಡಕ್ ತಿರುಗ್ಬುಡಿ" ಎಂದರು. ಕಾರು ಹೋಯಿತು. ನಮ್ಮ ಬಸ್ಸು ಬರಲಿಲ್ಲ. ಒಂದು ಗಂಟೆಯ ಮೇಲೆ ಅದೇ ಕಾರು ಧೂಳು ಮೆತ್ತಿಕೊಂಡು ಅದೇ ಜಾಗಕ್ಕೆ ಬಂದು ನಿಂತಿತು. ನಾನು ತಲೆ ತಗ್ಗಿಸಿದೆ. ಚಿಕ್ಕಪ್ಪ ಮಾತ್ರ ನೆಂಟರು ಬಂದಷ್ಟು ಖುಷಿಯಿಂದ ಹತ್ತಿರ ಹೋಗಿ, "ಆಗ್ಲೆ ಯೋಳಿದ್ದು ಸಣ್ಣ ರೋಡು. ಈಗ ದೊಡ್ಡ ರೋಡು ಯೋಳ್ತೀನಿ ಕೇಳಿ" ಎಂದರು!

"ಗೊತ್ತಿಲ್ಲ ಅಂದಿದ್ರೆ ಪಾಪ ಅವರು ಬೇರೆಯವರನ್ನ ಕೇಳ್ತಿದ್ರಲ್ಲ ಚಿಕ್ಕಪ್ಪ" ಎಂದೆ.

"ಬಿಸ್ಲಲ್ಲಿ ಬಂದು ನಮ್ನೇ ಅಂತ ಕೇಳ್ತಾವ್ರೆ. ಗೊತ್ತಿಲ್ಲ ಅಂದ್ರೆ ಮಕ ಸಣ್ಣಗಾಯ್ತದೆ ಕಣವ್ವ. ಕೇಳ್ಕಂಡ್ ಬಂದೋರ್ನ ಬರಿಗೈಲಿ ಕಳಿಸ್ಬಾರ್ದು."

ಬರಿಗೈಯಲ್ಲಿ ಕಳಿಸದ ಈ ದಾನಶೂರನ ಮೊದಲ ಫಲಾನುಭವಿ ನಾನೇ. ಎರಡನೇ ಕ್ಲಾಸಿನಲ್ಲಿದ್ದಾಗ ಆರು ತಿಂಗಳು ಚಿಕ್ಕಪ್ಪನ ಮನೆಯಿಂದಲೇ ಶಾಲೆಗೆ ಹೋಗುತ್ತಿದ್ದೆ. ಅಮ್ಮನಿಗೆ ಆಗ ಆರೋಗ್ಯ ಸರಿಯಿರಲಿಲ್ಲ. ತಿಮಿಂಗಿಲ ಏನು ತಿನ್ನುತ್ತದೆ ಎಂದು ಮೇಷ್ಟ್ರು ಬರೆದುಕೊಂಡು ಬರಲು ಹೇಳಿದ್ದರು. ಚಿಕ್ಕಪ್ಪ ಹೇಳಿದಂತೆ 'ಉಪ್ಪುನೀರಿನಲ್ಲಿ ನೆನೆಸಿದ ಹುಲ್ಲು' ಎಂದು ಬರೆದೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ದೊಡ್ಡದಾಗಿ ಗೀಟು ಹಾಕಿದರು. ಅದನ್ನು ತಂದು ತೋರಿಸಿದರೆ ಚಿಕ್ಕಪ್ಪ, "ನಿಮ್ ಮೇಷ್ಟ್ರು ಸಮುದ್ರ ನೋಡಿಲ್ಲ ಬುಡು" ಎಂದರು.

"ನೀನು ನೋಡಿದೀಯಾ?"

"ನೋಡಾಕೇನದೆ ಅದ್ರಲ್ಲಿ, ನೀರು ತಾನೆ!"

ಇಂಥ ತಳಪಾಯದ ಮೇಲೆ ಎದ್ದದ್ದು ನನ್ನ ವಿದ್ಯಾಭ್ಯಾಸ. ಮುಂದೆ ಕನ್ನಡ ಎಂ.ಎ. ಮಾಡಿ, ಮದ್ದೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಇರುವ ತಲೆನೋವು ಸಾಲದೆಂದು ಪಿಎಚ್.ಡಿ.ಗೂ ಸೇರಿಕೊಂಡೆ. ವಿಷಯ: ಬಂಡೂರು ಕುರಿ ಸಾಕುವವರ ನಂಬಿಕೆಗಳು ಮತ್ತು ಆಚರಣೆಗಳು. ಗಿಡ್ಡ ಕಾಲು, ದುಂಡನೆಯ ಮೈ, ಮನೆಮಗಳಂತೆ ನಡುಮನೆಯಲ್ಲೇ ಓಡಾಡುವ ಆ ಕುರಿಗಳ ನಡುವೆ ಚಿಕ್ಕಪ್ಪನ ಮನೆಯಲ್ಲಿ ಆಡಿದವಳು ನಾನು. ಸುಲಭವಾದೀತು ಅಂದುಕೊಂಡೆ. ಏಳು ವರ್ಷ ಹಿಡಿಯಿತು!

ಅರವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಬಂಡೂರು ಸುತ್ತಿನ ಊರುಗಳಲ್ಲಿ ಮನೆಮನೆ ತಿರುಗಿದೆ. ನಮ್ಮ ಜನ ಎಂಥವರು ಗೊತ್ತಲ್ಲ? "ಇದನ್ನ ಯಾಕೆ ಮಾಡ್ತೀರಿ?" ಎಂದರೆ, "ನಮ್ಮಪ್ಪ ಮಾಡ್ತಿದ್ದ, ನಾವೂ ಮಾಡ್ತೀವಿ. ನಿಂಗ್ಯಾಕವ್ವ?" ಮುಗಿಯಿತು ಸಂದರ್ಶನ. ಕಡೆಗೆ ಚಿಕ್ಕಪ್ಪನ ಜಗಲಿಗೆ ಬಂದು ಕೂತೆ. ಅವರು ಅರವತ್ತಕ್ಕೆ ಅರವತ್ತೂ ಉತ್ತರಿಸಿದರು. ನಾನು ಕೇಳದ ಹನ್ನೊಂದಕ್ಕೂ ಉತ್ತರಿಸಿದರು. ಕುರಿಯ ವಿಷಯದಲ್ಲಿ ಅವರು ಪಂಡಿತರೇ. ಅವರು ಹೇಳಿದ ಮದ್ದು, ಹೇಳಿದ ಶಾಸ್ತ್ರ ಆಮೇಲೆ ಬೇರೆ ಮನೆಗಳಲ್ಲೂ ತಾಳೆಯಾಯಿತು.

ಒಂದು ಪ್ರಶ್ನೆಗೆ ಮಾತ್ರ ಅವರು ಸ್ವಲ್ಪ ತಡೆದಿದ್ದು ನನಗೆ ನೆನಪಿದೆ. 'ಹೊಸದಾಗಿ ತಂದ ಕುರಿ ತನ್ನ ಮಂದೆ ನೆನೆದು ಮೇವು ಮುಟ್ಟದಿದ್ದರೆ ಏನು ಮಾಡುತ್ತೀರಿ?' ಬೇರೆಯವರೆಲ್ಲ "ಅಸಿವಾದ್ರೆ ತಾನೇ ತಿಂತದೆ" ಎಂದಿದ್ದರು. ಚಿಕ್ಕಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೇಳಿದರು:

"ಉಣ್ಣೋ ಕಂಚಿನ ಗಂಗಳದಲ್ಲಿ ನೀರ್ ತುಂಬಿ ಅದ್ರ ಮುಂದ್ಕೆ ಮಡಗ್ತೀವಿ. ನೀರಲ್ಲಿ ಅದ್ರ ಮಕ ಕಾಣ್ತದಲ್ಲ, ನಮ್ಮೋರೂ ಇಲ್ಲೇ ಅವ್ರೆ ಅನ್ಕತದೆ. ಆಮೇಲ್ ಮೇವು ತಿಂತದೆ."

ಎಂಥ ಆಚರಣೆ! ಇದೊಂದನ್ನು ಮಾತ್ರ ಬೇರೆ ಮನೆಗಳಲ್ಲಿ ತಾಳೆ ನೋಡದೆಯೇ ನಾಲ್ಕನೇ ಅಧ್ಯಾಯದಲ್ಲಿ ಇಡೀ ಒಂದು ಪ್ಯಾರಾ ಬರೆದೆ. ಅನುಬಂಧದಲ್ಲಿ ಮಾಹಿತಿದಾರರ ಪಟ್ಟಿಯಲ್ಲಿ ಮೊದಲ ಹೆಸರು ಚಿಕ್ಕಪ್ಪನದೇ ಹಾಕಿದೆ. ಆ ಪುಟದ ಜೆರಾಕ್ಸ್ ಕೊಟ್ಟರೆ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದು ನೇತುಹಾಕಿಬಿಟ್ಟರು! ಚಿಕ್ಕಮ್ಮ ಈಗಲೂ ದಿನಾ ಅದಕ್ಕೂ ಸೇರಿಸಿಯೇ ಊದುಬತ್ತಿ ಬೆಳಗುತ್ತಾರೆ.

ಥೀಸಿಸ್ ಸಲ್ಲಿಸಿ ವರ್ಷವಾದ ಮೇಲೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಮಂಡ್ಯದಲ್ಲಿ, ನಾನು ಹೆಸರು ನೋಂದಾಯಿಸಿದ್ದ ಕೇಂದ್ರದಲ್ಲೇ. ಹೊರಗಿನ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬರುತ್ತಾರೆ. ಯಾರು ಬೇಕಾದರೂ ಬಂದು ಕೂರಬಹುದು, ಕೂತವರು ಪ್ರಶ್ನೆಯನ್ನೂ ಕೇಳಬಹುದು. ಒಂದು ಥರ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತು ನಮ್ಮ ಕಡೆಯವರದೇ.

ಸುದ್ದಿ ತಲುಪಿದ ಮಾರನೇ ಬೆಳಿಗ್ಗೆಯೇ ಚಿಕ್ಕಪ್ಪ, ಚಿಕ್ಕಮ್ಮ ಬ್ಯಾಗು ಹಿಡಿದು ಮದ್ದೂರಿನ ನನ್ನ ಮನೆಗೆ ಬಂದಿಳಿದರು. ನನ್ನನ್ನು ತಯಾರು ಮಾಡಬೇಕಂತೆ! ಚಿಕ್ಕಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟವೆಲು ಹೆಗಲಿಗೆ ಹಾಕಿ ಕೂತರು. ಅವರು ಪರೀಕ್ಷಕರು. ಸೊಪ್ಪು ಬಿಡಿಸುತ್ತ ಕೂತ ಚಿಕ್ಕಮ್ಮ ಸಭಿಕರು.

"ಮೊದಲ್ನೇ ಪ್ರಸ್ನೆ. ನಿನ್ ಬುಕ್ಕು ಎಷ್ಟ್ ಕೆಜಿ ತೂಗ್ತದೆ?"

"ಚಿಕ್ಕಪ್ಪ, ಅಂಥದ್ದೆಲ್ಲ ಕೇಳಲ್ಲ."

"ಕೇಳುದ್ರೆ?"

"ನಂಗೊತ್ತಿಲ್ಲ."

ಚಿಕ್ಕಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಏಳ್ ವರ್ಸ ಓದಿ ಗೊತ್ತಿಲ್ಲ ಅನ್ನಾಕ್ ಓಯ್ತೀಯಾ? ಗೊತ್ತಿಲ್ಲ ಅನ್ನಾಕೆ ಇಸ್ಕೂಲಿಗೇ ಓಗ್ದೆ ಇರೋರು ನಮ್ಮೂರಲ್ ಬೇಕಾದಷ್ಟ್ ಜನ ಅವ್ರೆ! ಕೇಳಿದ್ ತಕ್ಷಣ ಬಾಯ್ ತೆಗಿ. ಉತ್ರ ದಾರೀಲಿ ಬತ್ತದೆ."

"ಬಸ್ಸಾ ಅದು, ದಾರೀಲಿ ಬರಾಕೆ? ಸುಮ್ಕಿರಿ" ಎಂದರು ಸಭಿಕರು.

ನನ್ನ ಗೈಡು ಹೇಳಿಕೊಟ್ಟದ್ದು ಇದಕ್ಕೆ ತದ್ವಿರುದ್ಧ. "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಮ್ಮ. ಅದಕ್ಕೆ ಯಾರೂ ತಲೆ ತೆಗೆಯಲ್ಲ. ಆದರೆ ಆ ಗಂಗಳದ ಪ್ಯಾರಾ ಖಂಡಿತ ಕೇಳ್ತಾರೆ. ಎಷ್ಟು ಮನೆಯಲ್ಲಿ ಈ ಪದ್ಧತಿ ಇದೆ ಅಂತ ನೋಡಿಕೊಂಡಿರು" ಎಂದರು.

ಎಷ್ಟು ಮನೆ? ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಮನೆ. ಆ ಭಾನುವಾರವೇ ಬಂಡೂರಿಗೆ ಹೋಗಿ ಮತ್ತೆ ಮನೆಮನೆ ಹತ್ತಿಳಿದೆ. ಒಬ್ಬ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿತು. "ಕುರಿಗ್ ಮಕ ತೋರುಸ್ತಾರಾ? ಬೈತಲೆ ತೆಕ್ಕಳಾಕಾ?" ಒಬ್ಬರಾದರೂ ಹೌದೆನ್ನಲಿಲ್ಲ.

ಮನೆಗೆ ಬಂದು ಚಿಕ್ಕಪ್ಪನೆದುರು ನಿಂತೆ. "ನಿಜ ಹೇಳು. ಕುರಿಗೆ ಮುಖ ತೋರಿಸೋರು ಯಾರು?"

"ಮಾಡೋರು ಮಾಡ್ತಾರೆ."

"ಯಾರು ಮಾಡೋರು?"

"ಎಲ್ಲಾರೂ ಮಾಡಲ್ಲ" ಎಂದು ಸೂರು ನೋಡಿದರು.

ಅಲ್ಲಿಗೆ ನನಗೆ ಅರ್ಥವಾಯಿತು. ಕಾರಿನವರಿಗೆ ತೋರಿಸಿದ ಆಲದ ಮರವನ್ನೇ ನನಗೂ ತೋರಿಸಿದ್ದಾರೆ! ಥೀಸಿಸ್ ಆಗಲೇ ಪರೀಕ್ಷಕರ ಕೈಯಲ್ಲಿತ್ತು. ಕೇಳಿದರೆ ಸುಳ್ಳು ಹೇಳಬೇಕು, ಇಲ್ಲವೇ ನನ್ನ ಮೊದಲ ಮಾಹಿತಿದಾರರನ್ನು ತುಂಬಿದ ಸಭೆಯಲ್ಲಿ ಸುಳ್ಳುಗಾರರನ್ನಾಗಿ ಮಾಡಬೇಕು. ಬರಬೇಡ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಅವರಾಗಲೇ ಬಿಳಿ ಶರ್ಟಿಗೆ ಇಸ್ತ್ರಿ ಮಾಡಿಸಿ ತಂದಿದ್ದರು.

ಪರೀಕ್ಷೆಯ ದಿನ ಅವರು ಮೂರನೇ ಸಾಲಿನಲ್ಲಿ ಕೂತರು. ಪರೀಕ್ಷಕರು ಬೆಳ್ಳಿ ಕೂದಲಿನ ಸೌಮ್ಯ ಮನುಷ್ಯ. ಮುಕ್ಕಾಲು ಗಂಟೆ ಕೇಳಿದ್ದಕ್ಕೆಲ್ಲ ಉತ್ತರಿಸಿದೆ. ಒಮ್ಮೆ ಬಾಯಿ ತೆಗೆದ ಮೇಲೆ ಒಂದೆರಡು ಉತ್ತರ ನಿಜಕ್ಕೂ ದಾರಿಯಲ್ಲೇ ಬಂದವು! ಕಡೆಗೆ ಅವರು ಕನ್ನಡಕ ಸರಿಮಾಡಿಕೊಂಡು, "ಕುರಿಗೆ ಮುಖ ತೋರಿಸುವ ಶಾಸ್ತ್ರ ನಿಮ್ಮ ಥೀಸಿಸ್‌ನಲ್ಲೇ ಅಪರೂಪದ್ದು. ನಾನು ಬೇರೆಲ್ಲೂ ಕಂಡಿಲ್ಲ. ಎಷ್ಟು ಕುಟುಂಬಗಳಲ್ಲಿ ಇದೆಯಮ್ಮ?" ಎಂದರು.

ಬಾಯಿಗೆ ಬಂದಂತೆ ಹದಿನೆಂಟು ಅಂದುಬಿಟ್ಟರೆ ಹದಿನೆಂಟೇ. ಬಂಡೂರಿಗೆ ಹೋಗಿ ಎಣಿಸುವವರು ಯಾರು? ಮೂರನೇ ಸಾಲಿನಿಂದ ಚಿಕ್ಕಪ್ಪ ಗಲ್ಲ ಎತ್ತಿ ಸನ್ನೆ ಮಾಡುತ್ತಿದ್ದರು: ಬಾಯ್ ತೆಗಿ, ಬಾಯ್ ತೆಗಿ!

ಬಾಯಿ ತೆಗೆದೆ. "ಗೊತ್ತಿಲ್ಲ ಸರ್. ಒಬ್ಬರು ಹೇಳಿದ್ದನ್ನು ಬೇರೆ ಕಡೆ ವಿಚಾರಿಸದೆ ಬರೆದೆ. ಆಮೇಲೆ ವಿಚಾರಿಸಿದೆ, ಎಲ್ಲೂ ಸಿಗಲಿಲ್ಲ. ತಪ್ಪು ನನ್ನದು."

ಪರೀಕ್ಷಕರು ಏನೋ ಹೇಳುವಷ್ಟರಲ್ಲಿ ಕುರ್ಚಿ ಸರಿದ ಸದ್ದಾಯಿತು. ಚಿಕ್ಕಪ್ಪ ಎದ್ದು ನಿಂತಿದ್ದರು.

"ಸ್ವಾಮಿ, ಅದು ನಾನ್ ಯೋಳಿದ್ದು. ಮಗೀದೇನೂ ತಪ್ಪಿಲ್ಲ. ನಾನೂ ಸುಳ್ ಯೋಳಿಲ್ಲ. ಕುರಿಗ್ ಮಾಡಿಲ್ಲ, ಅಷ್ಟೇಯ."

"ಮತ್ತೆ ಯಾರಿಗೆ ಮಾಡಿದ್ರಿ ಯಜಮಾನರೇ?"

"ಇವಳ್ಗೆ."

ಎಲ್ಲರೂ ನನ್ನತ್ತ ತಿರುಗಿದರು. ನಾನೇ ಕುರಿ!

"ಇವಳವ್ವ ಆಸ್ಪತ್ರೇಲಿದ್ಲು ಸ್ವಾಮಿ. ಏಳ್ ವರ್ಸದ್ ಕೂಸು, ನಮ್ಮನೇಲಿ ತಂದ್ ಬುಟ್ಟೋದ್ರು. ಮೂರ್ ದಿಸ ಅನ್ನ ಮುಟ್ನಿಲ್ಲ. ಅವ್ವ ಯಾವಾಗ್ ಬತ್ತಾಳೆ ಅಂತ ಕಂಡ್ಕಂಡೋರ್ನೆಲ್ಲ ಕೇಳದು. ಎಲ್ಲಾರೂ ಗೊತ್ತಿಲ್ಲ, ಗೊತ್ತಿಲ್ಲ ಅನ್ನೋರು. ಅಂಗ್ ಅಂದಾಗ್ಲೆಲ್ಲ ಅದರ ಮಕ ನೋಡಾಕಾಯ್ತಿರ್ನಿಲ್ಲ. ಇವಳ್ದು ಅವರವ್ವಂದೇ ಮಕ, ಅದೇ ಅಚ್ಚು. ಗಂಗಳದಲ್ ನೀರ್ ಮಡಗಿ, ನೋಡು, ನಿಮ್ಮವ್ವ ಇಲ್ಲೇ ಅವ್ಳೆ ಅಂದೆ. ಆಮೇಲ್ ಉಂಡ್ಲು. ಇವಳು ಬುಕ್ ಬರೆಯಾಕ್ ಬಂದು ಕುರಿ ಕೊರಗುದ್ರೆ ಏನ್ ಮಾಡ್ತೀಯ ಅಂದಾಗ ನಂಗೆ ಅದೇ ಗ್ಯಾನ ಬಂತು. ಯೋಳ್ಬುಟ್ಟೆ. ತಪ್ಪಾಗಿದ್ರೆ ಆ ಪಟ್ಟೀಲಿ ನನ್ ಯೆಸ್ರು ಒಡೆದಾಕ್ಬುಡಿ."

ನನಗೆ ಗಂಗಳ ನೆನಪಿಲ್ಲ. ನೀರೂ ನೆನಪಿಲ್ಲ. ಆರು ತಿಂಗಳ ನಂತರ ಅಮ್ಮ ಗುಣವಾಗಿ ಬಂದದ್ದು, ನಾನು ಕುರಿಮರಿ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದದ್ದು, ಇಷ್ಟೇ ನೆನಪು. ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಡಿ.ಟಿ.ಪಿ. ಮಾಡಿದವರವರೆಗೆ ಹದಿನಾರು ಜನರನ್ನು ನೆನೆದಿದ್ದೆ. ಚಿಕ್ಕಪ್ಪನ ಹೆಸರು ಅಲ್ಲಿರಲಿಲ್ಲ. ಮಾಹಿತಿದಾರರಲ್ಲಿ ಹಾಕಿದ್ದೇನಲ್ಲ, ಸಾಕು ಅಂದುಕೊಂಡಿದ್ದೆ. ನಾಚಿಕೆಯಾಯಿತು. ಬೇರೆಯವರೆಲ್ಲ ಗೊತ್ತಿಲ್ಲವೆಂದು ಕಳಿಸಿಬಿಟ್ಟ ಮಗುವಿಗೆ ಒಬ್ಬರಾದರೂ ತಪ್ಪೋ ಒಪ್ಪೋ ಉತ್ತರ ಕೊಡುತ್ತಲೇ ಇದ್ದರು. ಅದಕ್ಕೇ ಅಲ್ಲವೇ ನಾನು ಕೇಳುವುದನ್ನು ನಿಲ್ಲಿಸದೆ ಇಲ್ಲಿಯವರೆಗೆ ಬಂದದ್ದು?

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಪ್ಯಾರಾವನ್ನು ನಾಲ್ಕನೇ ಅಧ್ಯಾಯದಿಂದ ತೆಗೆಯಿರಿ. ಕೃತಜ್ಞತೆಯ ಪುಟಕ್ಕೆ ಹಾಕಿ. ಯಜಮಾನರ ಹೆಸರು ಪಟ್ಟಿಯಲ್ಲಿ ಹಾಗೇ ಇರಲಿ" ಎಂದರು. ಆಮೇಲೆ ನನ್ನ ಹೆಸರಿನ ಹಿಂದೆ ಡಾಕ್ಟರ್ ಸೇರಿಸಿ ಕರೆದರು. ಚಪ್ಪಾಳೆಯ ನಡುವೆ ಚಿಕ್ಕಮ್ಮ ಎಲ್ಲರಿಗೂ ಎರಡೆರಡು ಸಲ ಕೇಸರಿಬಾತು ಬಡಿಸಿದರು.

ಸಂಜೆ ಮೂವರೂ ಮದ್ದೂರಿನ ಬಸ್ಸು ಹತ್ತಿದೆವು. ಚಿಕ್ಕಮ್ಮ ನಿದ್ದೆ ಹೋದರು. ಶಿಂಷಾ ಸೇತುವೆ ಹತ್ತಿರ ಬರುವಾಗ ತಡೆಯಲಾರದೆ ಕೇಳಿದೆ.

"ಚಿಕ್ಕಪ್ಪ, ಆವತ್ತು ನೀರೊಳಗೆ ಮುಖ ನೋಡ್ಕೊಂಡು ನಾನು ನಕ್ಕೆನಾ, ಅತ್ತೆನಾ?"

ಎಂದಿನಂತೆ ತಕ್ಷಣ ಒಂದು ಉತ್ತರ ಬರುತ್ತದೆಂದು ಕಾದೆ. ಅವರು ಕಿಟಕಿಯಾಚೆ ಹೊಳೆಯನ್ನೇ ನೋಡುತ್ತಿದ್ದರು. ಬಸ್ಸು ಸೇತುವೆ ದಾಟಿತು.

"ಗೊತ್ತಿಲ್ಲ ಕಣವ್ವ" ಎಂದರು. "ನನ್ ಕಣ್ ತುಂಬಾ ನೀರಿತ್ತು. ಏನೂ ಕಾಣ್ನಿಲ್ಲ."