ಚಂದ್ರನಿಗೆ ತಗುಲಿದ ಕೋಲು

ಚಂದ್ರನ ಎಡಗೆನ್ನೆಯ ಮೇಲೆ ಈಗ ಒಂದು ಗೀರು ಇದೆ. ಅದು ನಮ್ಮ ಹಗರಿಬೊಮ್ಮನಹಳ್ಳಿಯ ಹುಲುಗಪ್ಪನ ಕೋಲು ತಗುಲಿ ಆದದ್ದು. ನಂಬದವರು ಬರುವ ಹುಣ್ಣಿಮೆಗೆ ಅಂಗಳಕ್ಕೆ ಬಂದು ನೋಡಿಕೊಳ್ಳಲಿ. ಆವತ್ತು ಉದುರಿದ ಚಂದ್ರನ ಚೂರೊಂದು ಇವತ್ತಿಗೂ ನಮ್ಮ ಮನೆಯ ದೇವರ ಗೂಡಿನಲ್ಲಿದೆ. ಸುಳ್ಳು ಹೇಳುವುದು ನಮ್ಮ ವಂಶದಲ್ಲೇ ಇಲ್ಲ. ನಮ್ಮ ತಾತ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದ. ಆ ನಾಚಿಕೆಗೆ ತುಂಗಭದ್ರೆ ಒಂದು ವಾರ ಹಿಂದಕ್ಕೆ ಹರಿದಿದ್ದಳು.

ಹುಲುಗಪ್ಪನ ಕಸುಬು ಗಾಜು ಒರೆಸುವುದು. ಮೊದಮೊದಲು ಹಾಗೆಂದರೆ ನಮ್ಮ ಜನ ಮೂಗಿನ ಮೇಲಿನ ಕನ್ನಡಕ ತೆಗೆದು ಕೈಗೆ ಕೊಡುತ್ತಿದ್ದರು. ಆಮೇಲೆ ಅದೇನು ಗಾಳಿ ಬೀಸಿತೋ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಅಂಗಡಿ ಇಟ್ಟವರೆಲ್ಲ ಮುಂಭಾಗಕ್ಕೆ ನೀಲಿ ಗಾಜು ಹೊಡೆಸಿದರು. ಒಳಗೆ ಗೊಬ್ಬರದ ಚೀಲ, ಹೊರಗೆ ವಿಮಾನ ನಿಲ್ದಾಣ. ಹುಲುಗಪ್ಪನ ಬಳಿ ಇದ್ದದ್ದು ಚಿಗಟೇರಿಯಿಂದ ತಂದ ಬಿದಿರಿನ ಏಣಿ, ಒಂದು ಬಕೀಟು, ಒಂದು ಕಟ್ಟು ಹಳೇ ಪೇಪರು. ಆ ಏಣಿ ಎಷ್ಟು ಉದ್ದ ಅಂದರೆ, ಗಡ್ಡ ಬೋಳಿಸಿಕೊಂಡು ಹತ್ತಿದವನು ಇಳಿಯುವಷ್ಟರಲ್ಲಿ ಜಡೆ ಹೆಣೆಯಬಹುದಿತ್ತು.

ಹರಪನಹಳ್ಳಿಯಲ್ಲಿ ಒಂದು ದಿನ ಆ ಏಣಿ ಜಾರಿತು. ಹುಲುಗಪ್ಪ ನೇರವಾಗಿ ಬಂದು ಬಿದ್ದದ್ದು ತಳ್ಳುಗಾಡಿಯ ಮಂಡಕ್ಕಿ ರಾಶಿಯ ಮೇಲೆ. ಹಾರಿದ ಮಂಡಕ್ಕಿ ದಾವಣಗೆರೆಯವರೆಗೂ ಉದುರಿತು. ಗಾಡಿಯವನು ಮಾತ್ರ ಸಮಾಧಾನದಿಂದಲೇ, "ಏಳಪ್ಪಾ ಮಾರಾಯ, ಖಾರ ಕಲಸೋಕೆ ಮುಂಚೆ ಬಿದ್ದಿದೀಯ, ನಿನ್ನ ಪುಣ್ಯ" ಅಂದನಂತೆ.

ಸೊಂಟಕ್ಕೆ ಎಣ್ಣೆ ತಿಕ್ಕುತ್ತಲೇ ಹೆಂಡತಿ ನಾಗಕ್ಕ ಆಣೆ ಹಾಕಿಸಿಕೊಂಡಳು.

"ಕೊಟ್ಟೂರಪ್ಪನ ಕಡಿ ಮುಖ ಮಾಡು. ಇನ್ನ ಏಣಿ ಮ್ಯಾಲ ಕಾಲಿಡಂಗಿಲ್ಲ ಅನ್ನು."

"ಕಾಲಿಡಂಗಿಲ್ಲ."

"ಇಟ್ಟಿ ಅಂದ್ರ ಅವತ್ತೇ ಗಂಟು ಕಟ್ಟು. ಹಡಗಲಿಗೆ ನಮ್ಮ ಮಾರೇಶನ ತೋಟಕ್ಕ ಹೋಗಿ ಮಲ್ಲಿಗಿ ಮೊಗ್ಗು ಬಿಡಿಸಿಕೊಂತ ಇರು. ನೆಲದ ಮ್ಯಾಲರ ಇರ್ತಿ."

ಮಾರೇಶ ಅವಳ ತಮ್ಮ. ಮಾತಿಗೊಮ್ಮೆ "ಭಾವಾ" ಅಂದು, ಆ ಎರಡಕ್ಷರದಲ್ಲಿಯೇ ಮನುಷ್ಯನ ಚರ್ಮ ಸುಲಿಯುವ ಜಾಣ. ಹುಲುಗಪ್ಪನಿಗೆ ಯಮನ ಕೈಯಾಳಾಗುವುದು ಒಪ್ಪಿಗೆ, ಬಾಮೈದನ ಕೈಯಾಳಾಗುವುದು ಬೇಡ.

ಆಗ ಅವನ ಕಣ್ಣಿಗೆ ಬಿದ್ದದ್ದು ಹೊಸಪೇಟೆಯ ದೊಡ್ಡ ಹೋಟೆಲೊಂದರಲ್ಲಿ ಗಾಜು ತೊಳೆಯುತ್ತಿದ್ದ ಕೋಲು. ಏಣಿ ಇಲ್ಲ, ಹಗ್ಗ ಇಲ್ಲ. ಮನುಷ್ಯ ನೆಲದ ಮೇಲೆ, ಕೋಲು ಮುಗಿಲಿನಲ್ಲಿ. ಕೋಲಿನ ಹೊಟ್ಟೆಯೊಳಗೆ ಪೈಪು, ತುದಿಗೆ ಬ್ರಷ್ಷು, ಬ್ರಷ್ಷಿನಿಂದ ನೀರು. ತೊಳೆದು ಬಿಟ್ಟರೆ ಮುಗಿಯಿತು, ಒರೆಸುವ ಮಾತೇ ಇಲ್ಲ. ಅವನು ಅಲ್ಲೇ ನಾಲ್ಕು ದಿನ ಕೆಲಸ ಕಲಿತು, ಅಂಥದೇ ಕೋಲು ಕೊಂಡು, ಗೂಡ್ಸ್ ಆಟೊದಲ್ಲಿ ಅಲ್ಲಿನದೇ ಒಂದು ಟ್ಯಾಂಕು ನೀರಿಟ್ಟುಕೊಂಡು ಊರಿಗೆ ಬಂದ.

ಊರಿನಲ್ಲಿ, ನಮ್ಮ ಓಣಿಯ ಬಾಯಿಗೇ, ಕೊಟ್ರಸ್ವಾಮಿಯ ಹೊಸ ಬಟ್ಟೆ ಅಂಗಡಿ. ಒಂಬತ್ತು ಅಂತಸ್ತು. ಅದರ ನೆರಳು ಬೆಳಿಗ್ಗೆ ಕೊಟ್ಟೂರಿನ ಮೇಲೆ ಬಿದ್ದರೆ, ಸಂಜೆ ಹೊಸಪೇಟೆಯವರು ಲೈಟು ಹಾಕಿಕೊಳ್ಳಬೇಕು. ಆವತ್ತು ಮಧ್ಯಾಹ್ನವೇ ಅದರ ಉದ್ಘಾಟನೆ.

"ನೋಡಪಾ ಹುಲುಗಪ್ಪ," ಕೊಟ್ರಸ್ವಾಮಿ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡ. "ಮಠದ ಬುದ್ಧಿಯೋರು ಬರ್ತಾರ. ಗಾಜಿನ್ಯಾಗ ಅವರ ಮುಖ ಅವರಿಗೇ ಕಾಣಬೇಕು. ಇವತ್ತು ಗೆದ್ದಿ ಅಂದ್ರ ವರ್ಷಪೂರ್ತಿ ಕೆಲಸ ನಿಂದು. ಸೋತಿ ಅಂದ್ರ ಆ ಕೋಲಿಗೆ ನನ್ನ ಪಂಚಿ ಒಣಗಾಕ್ತೀನಿ."

"ನೀರಿನ್ಯಾಗಿಂದ ಉಪ್ಪು, ಸುಣ್ಣ ಎಲ್ಲಾ ತೆಗದ್ಯಾರ್ರೀ ಸಾವ್ಕಾರ್ರ. ಹನಿ ಒಣಗಿದರೂ ಕಲಿ ಬೀಳಂಗಿಲ್ಲ. ಅದೇ ಇದರ ಮಹಿಮಾ."

ಏಣಿ ಇನ್ನು ಬೇಡವೆಂದು ಹುಲುಗಪ್ಪ ಅದನ್ನು ಶಾಮಿಯಾನದ ಜೋಗಪ್ಪನ ಕೈಗೆ ಕೊಟ್ಟು, ಕೋಲು ಎಳೆದು ಉದ್ದ ಮಾಡಿ, ಮೊದಲನೇ ಗಾಜು ತೊಳೆದ. ಬಿಸಿಲಿಗೆ ಒಣಗಿದ ಮೇಲೆ ಅಲ್ಲಿ ಗಾಜು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಾಗೆಯೊಂದು ದಾರಿ ಅಂದುಕೊಂಡು ಬಂದು ಢಿಕ್ಕಿ ಹೊಡೆದು, ಅರ್ಧ ಗಂಟೆ ತನ್ನ ಹೆಸರನ್ನೇ ಮರೆತು ಕೂತಿತ್ತು. ಕೊಟ್ರಸ್ವಾಮಿಗೆ ಖುಷಿಯೋ ಖುಷಿ.

"ಬಾರಪಾ, ಮೊದಲು ಉಪ್ಪಿಟ್ಟು ತಿನ್ನು!" ಎಂದು ಒಳಗೆ ಕರೆದೊಯ್ದ. ಹುಲುಗಪ್ಪ ಫೋನು ತೆಗೆದು ಹೆಂಡತಿಗೆ ಹೇಳಿದ: "ಬಾ, ನಿನ್ನ ತಮ್ಮನ್ನೂ ಕರಕೊಂಡು ಬಾ. ಗಂಡಸಿನ ಕೆಲಸ ಅಂದ್ರ ಏನಂತ ನೋಡಲಿ."

ಅವನು ಎರಡನೇ ಪ್ಲೇಟು ಉಪ್ಪಿಟ್ಟಿಗೆ ಕೈ ಹಾಕಿದ ಹೊತ್ತಿನಲ್ಲಿಯೇ ಹೊರಗೆ ಆ ಕೋಲು ಚಂದ್ರನಿಗೆ ತಗುಲಿದ್ದು. ಬೆಳಗಿನ ಚಂದ್ರ ಇನ್ನೂ ಮುಳುಗಿರಲಿಲ್ಲ. ಠಣ್ ಅಂತು. ಇರಲಿ, ಅದಕ್ಕಿಂತ ದೊಡ್ಡ ಅನಾಹುತ ಟ್ಯಾಂಕಿನ ಹತ್ತಿರ ಆಗುತ್ತಿತ್ತು.

ನಮ್ಮ ಓಣಿಯ ಬೋರ್‌ವೆಲ್ ನೀರು ನೀವು ಕುಡಿದಿಲ್ಲ. ಅದರಲ್ಲಿ ಸಾರು ಮಾಡಿದರೆ ಉಪ್ಪು ಹಾಕುವ ಕೆಲಸವಿಲ್ಲ. ಬಕೀಟು ತುಂಬಿಸಿ ಮರೆತರೆ ಮರುದಿನ ಸುಣ್ಣದ ಕಲ್ಲು ಒಡೆದು ತೆಗೆಯಬೇಕು. ಅಂಥ ಓಣಿಯಲ್ಲಿ ನಲ್ಲಿ ಇರುವ ಟ್ಯಾಂಕು ಬಂದು ನಿಂತರೆ ಯಾರದ್ದು, ಯಾಕೆ ಎಂದು ಕೇಳುವ ಪದ್ಧತಿಯಿಲ್ಲ. ಕೊಡಗಳು ತಾವೇ ನಡೆದು ಬಂದು ಸಾಲು ಹಚ್ಚುತ್ತವೆ. ಮೊದಲನೇ ಕೊಡ ಯಾರದೆಂಬುದು ದೇವರಾಣೆ ನನಗೆ ಗೊತ್ತಿಲ್ಲ. ಎರಡನೆಯದು ಎರ್ರಮ್ಮನದು. ಆಮೇಲೆ ಕೊಡವೇ ಕೊಡ. ಸಾಲಿನ ತುದಿ ಹಡಗಲಿಯ ಬಸ್ಸು ಹತ್ತಿತ್ತು.

ಟ್ಯಾಂಕಿನ ತಳ ಕಂಡಾಗ ಓಣಿಯ ಹಿರಿಯಳಾದ ಅನ್ನದಾನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏ ಎರ್ರಮ್ಮ, ಹಿಂಗ ಬರಿದು ಮಾಡಿ ಬಿಡಾದೇನು? ಮಂದಿ ಮನಿ ಪಾತ್ರಿ ಖಾಲಿ ವಾಪಸ್ ಕೊಡಬಾರದು. ಬೀಗರು ಬುತ್ತಿ ಡಬ್ಬಿ ಕೊಟ್ಟರೆ ಒಂದು ಹಿಡಿ ಸಕ್ಕರಿನಾದರೂ ಹಾಕಿ ಕಳಸಂಗಿಲ್ಲ?"

"ಹೌದಬೇ, ಪಾಪ ತಟ್ಟತೈತಿ" ಎಂದಳು ಎರ್ರಮ್ಮ.

ಇಷ್ಟು ಧರ್ಮ ನಮ್ಮ ಓಣಿಯಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು? ಬೋರ್‌ವೆಲ್‌ನಿಂದ ಪೈಪು ಎಳೆದು, ಟ್ಯಾಂಕು ಕಂಠದವರೆಗೆ ತುಂಬಿಸಿ, ಮುಚ್ಚಳ ಹಾಕಿ, ಮುಚ್ಚಳದ ಧೂಳನ್ನೂ ಸೆರಗಿನಿಂದ ಒರೆಸಿ ಹೋದರು.

ತೇಗುತ್ತ ಬಂದ ಹುಲುಗಪ್ಪ ಉಳಿದ ಗಾಜನ್ನೆಲ್ಲ ಒಂದೇ ಉಸಿರಿಗೆ ತೊಳೆದ. ಬಿಸಿಲು ಬಿತ್ತು, ನೀರು ಒಣಗಿತು. ಕಟ್ಟಡದ ಹಣೆಗೆ ಮೊದಲು ಒಂದು ಬಿಳಿ ಗೆರೆ ಮೂಡಿತು, ಆಮೇಲೆ ಮೂರು. ನೋಡನೋಡುತ್ತಿದ್ದಂತೆ ಇಡೀ ಅಂಗಡಿ ಮೈತುಂಬ ವಿಭೂತಿ ಬಳಿದುಕೊಂಡು ನಿಂತಿತು. ಗಾಬರಿಯಾಗಿ ಮತ್ತೊಮ್ಮೆ ತೊಳೆದ. ಇನ್ನೂ ಬೆಳ್ಳಗಾಯಿತು. ಮೂರನೇ ಸಲಕ್ಕೆ ದೂರದಿಂದ ನೋಡಿದವರು ಹಿಮಾಲಯ ಬಂತೆಂದು ಕೈ ಮುಗಿದರು.

"ಲೇ ಹುಲುಗ್ಯಾ!" ಕೊಟ್ರಸ್ವಾಮಿ ಕಿರುಚಿದ. "ನಾನು ಬಟ್ಟಿ ಅಂಗಡಿ ತೆಗಿಯಾಕ ಹತ್ತೀನಿ, ಸುಣ್ಣದ ಭಟ್ಟಿ ಅಲ್ಲ!"

ಹುಲುಗಪ್ಪ ಟ್ಯಾಂಕಿನ ನೀರನ್ನು ಒಂದು ಬೊಗಸೆ ಬಾಯಿಗೆ ಹಾಕಿಕೊಂಡ. ಗಂಟಲಿನಲ್ಲಿ ಉಪ್ಪಿನಕಾಯಿ ಇಳಿದಂತಾಯಿತು. ಓಣಿಯ ಕಡೆ ನೋಡಿದ. ಎಲ್ಲ ಮನೆಯ ಮುಂದೂ ತುಂಬಿದ ಕೊಡದ ಒದ್ದೆ ಗುರುತು. ಅರ್ಥವಾಯಿತು. ಓಡಿದ.

ಅನ್ನದಾನಮ್ಮನ ಬಾಗಿಲಿಗೆ ಹೋದರೆ, ತಲೆಯ ಮೇಲೆ ಕಲ್ಲಂಗಡಿಯಷ್ಟು ಸೋಪಿನ ಬುರುಗು ಹೊತ್ತು ಅವಳೇ ಬಂದಳು.

"ಬಂದೇನಪಾ? ಎಂಥ ನೀರು ತಂದೀ! ನಾಕು ತಂಬಿಗಿ ಹಾಕ್ಕಂಡರೂ ಬುರುಗು ಹೋಗವಲ್ದು. ಇನ್ನೊಂದು ಕೊಡ ಐತೇನು?"

"ನನ್ನ ನೀರು ಕೊಡಬೇ ಎವ್ವಾ!"

"ಕೊಟ್ಟೀವಲ್ಲ, ಕಂಠಮಟ ತುಂಬಿಸಿ. ನಾವೇನು ಖಾಲಿ ಕೊಡೋ ಮಂದಿಯೇನು?"

ಪಕ್ಕದ ಮನೆಯ ಬಾಗಿಲು ಹಾಕಿತ್ತು. ಎಷ್ಟು ಬಡಿದರೂ ತೆಗೆಯಲಿಲ್ಲ. ಒಳಗೆ ಒಲೆಯ ಮೇಲೆ ತೊಗರಿಬೇಳೆ ಬೇಯುತ್ತಿತ್ತು. ಬೋರ್‌ವೆಲ್ ನೀರಿನಲ್ಲಿ ಆರು ಸೀಟಿಗೂ ಮಣಿಯದ ಬೇಳೆ ಆವತ್ತು ಒಂದೇ ಸೀಟಿಗೆ ಬೆಣ್ಣೆಯಾಗಿತ್ತು. ಮೇಲೊಂದಿಷ್ಟು ಬೆಳ್ಳುಳ್ಳಿ ಒಗ್ಗರಣೆ, ಬಿಸಿ ಜೋಳದ ರೊಟ್ಟಿ. ಬಾಯಿಗಿಟ್ಟರೆ ನಾಲಿಗೆ ಕೇಳುವ ಮುಂಚೆ ಗಂಟಲೇ ಬಂದು ಕರೆದೊಯ್ಯುತ್ತಿತ್ತು.

ಕೊನೆಗೆ ಉಳಿದದ್ದು ಎರ್ರಮ್ಮನ ಒಂದು ಕೊಡ. ಅಳು ಬಂದ ಅವನ ಮುಖ ನೋಡಿ ಅವಳು ಅದನ್ನು ಕೊಟ್ಟುಬಿಟ್ಟಳು. ಆದರೆ ಒಂದು ಕೊಡ ನೀರು ಕೋಲಿನ ಪೈಪಿನ ಹಲ್ಲಿಗೂ ಸಾಲದು. ಅಷ್ಟು ನೀರಿನಲ್ಲಿ ಇಷ್ಟು ಗಾಜು ಶುದ್ಧವಾಗಬೇಕೆಂದರೆ ಬಟ್ಟೆ ಅದ್ದಿ ಕೈಯಾರೆ ಒರೆಸಬೇಕು. ಕೈಯಾರೆ ಒರೆಸಬೇಕೆಂದರೆ ಏಣಿ ಹತ್ತಬೇಕು. ಏಣಿ ಹತ್ತಿದರೆ ಹಡಗಲಿ.

ಏಣಿಯ ಬುಡದಲ್ಲಿ ನಿಂತು ಹುಲುಗಪ್ಪ ಆಣೆಯ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದ. ಕಾಲಿಡಬಾರದು ಅಂದಿದ್ದಾಳೆ. ಮೊಣಕಾಲಿನ ಸುದ್ದಿ ಎತ್ತಿಲ್ಲ! ಜೋಗಪ್ಪ ಬುಡ ಹಿಡಿದ. ಹುಲುಗಪ್ಪ ಮೊಣಕಾಲೂರಿ, ಒಂದೊಂದೇ ಮೆಟ್ಟಿಲು ತೆವಳಿ ಹತ್ತಿದ. ಬಲಗೈಯಲ್ಲಿ ಬಟ್ಟೆ, ಎಡಗೈಯಲ್ಲಿ ಏಣಿ, ಹಲ್ಲಿನಲ್ಲಿ ತಂಬಿಗೆ. ಒರೆಸಿದ ನೋಡಿ! ವಿಭೂತಿ ಕರಗಿ ಗಾಜು ಮತ್ತೆ ನೀಲಿಯಾಗುತ್ತ ಬಂತು. ಇನ್ನೊಂದೇ ಗಾಜು ಉಳಿದಿತ್ತು.

"ಭಾವಾ!"

ಕೆಳಗೆ ನಾಗಕ್ಕ. ಪಕ್ಕದಲ್ಲಿ ಕೋಲಿಗೆ ಹಾಕಲೆಂದು ಮಲ್ಲಿಗೆ ಹಾರ ಹಿಡಿದ ಮಾರೇಶ.

"ಅಕ್ಕಾ, ಭಾವ ಏಣಿ ಮ್ಯಾಲ ಉರುಳುಸೇವಾ ಮಾಡಾಕ ಹತ್ಯಾನ, ನೋಡಬೇ."

"ಕಾಲಿಟ್ಟಿಲ್ಲ ನಾಗಿ! ಮೊಣಕಾಲು ಇಟ್ಟೀನಿ!" ಎಂದ ಹುಲುಗಪ್ಪ. ಬಾಯಿ ತೆರೆದದ್ದೇ ತಡ, ತಂಬಿಗೆ ಜೋಗಪ್ಪನ ನೆತ್ತಿಯ ಮೇಲೆ ಬಿತ್ತು. ಜೋಗಪ್ಪ ಏಣಿ ಬಿಟ್ಟ. ಏಣಿ ಅತ್ತ, ಹುಲುಗಪ್ಪ ಇತ್ತ. ಮಾರೇಶ ಕೋಲು ಎತ್ತಿ, ಬ್ರಷ್ಷಿನಿಂದ ಭಾವನ ಹಿಂಭಾಗವನ್ನು ಗಾಜಿಗೆ ಒತ್ತಿ ಹಿಡಿಯದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹಲ್ಲಿಯಂತೆ ಅಂಟಿಕೊಂಡಿದ್ದ ಹುಲುಗಪ್ಪ, ಕೆಳಗಿಳಿಯುವ ಮುಂಚೆ ಕೊನೆಯ ಗಾಜನ್ನು ತನ್ನ ಹೊಟ್ಟೆಯಿಂದಲೇ ಒರೆಸಿ ಮುಗಿಸಿದ.

ಗಾಜು ಕನ್ನಡಿಯಾಗಿತ್ತು. ಹುಲುಗಪ್ಪ ಕೈ ಮುಗಿದು ಕೊಟ್ರಸ್ವಾಮಿಯ ಮುಂದೆ ನಿಂತ. ಕೊಟ್ರಸ್ವಾಮಿ ತಲೆ ಎತ್ತಿಯೂ ನೋಡಲಿಲ್ಲ.

"ಆತೇನು? ಜೋಗಪ್ಪ, ಅದನ್ನ ತಗೊಂಬಾ."

ಜೋಗಪ್ಪ ತಂದದ್ದು ಒಂದು ಫ್ಲೆಕ್ಸು. ಸಾಹುಕಾರನ ಬೀಗರು, ಗೆಳೆಯರು, ಹಿತೈಷಿಗಳು ಎಂದು ನೂರಾರು ಮುಖ, ಎಲ್ಲ ಮುಖಕ್ಕೂ ಕೂಲಿಂಗ್ ಗ್ಲಾಸು. ಬಿಚ್ಚಿ ಕಟ್ಟಿದರೆ ಮೇಲಿನಿಂದ ಕೆಳಗಿನವರೆಗೆ ಒಂದು ಗೇಣು ಗಾಜೂ ಕಾಣಲಿಲ್ಲ. ಬುದ್ಧಿಯವರು ಬಂದರು, ರಿಬ್ಬನ್ ಕತ್ತರಿಸಿದರು, ಹೋದರು. ಫ್ಲೆಕ್ಸು ಮುಂದಿನ ದೀಪಾವಳಿಯವರೆಗೂ ಇರಲಿ ಎಂದ ಕೊಟ್ರಸ್ವಾಮಿ. ಮುಚ್ಚಿದ ಗಾಜಿಗೆ ತೊಳೆಯುವವನು ಯಾಕೆ?

"ನಡಿ ಭಾವಾ," ಮಾರೇಶ ಕೋಲಿಗೆಂದು ತಂದ ಹಾರವನ್ನು ಹುಲುಗಪ್ಪನ ಕೊರಳಿಗೆ ಹಾಕಿದ. "ಮಲ್ಲಿಗಿ ಗಿಡ ಗಿಡ್ಡ ಅದಾವ. ಬಿದ್ದರೂ ನೋವಾಗಂಗಿಲ್ಲ."

ಇಷ್ಟನ್ನು ನಾನು ಮೊನ್ನೆ ಚೌಡಣ್ಣನ ಚಹಾದಂಗಡಿಯಲ್ಲಿ ಹೇಳಿ ಮುಗಿಸಿದೆ. ಜನ ನಕ್ಕರು. ಹಿಂದಿನ ಬೆಂಚಿನಲ್ಲಿ ಒಬ್ಬ ಮಾತ್ರ ನಗಲಿಲ್ಲ. ತಿರುಗಿ ನೋಡಿದೆ. ಮಲ್ಲಿಗೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಹುಲುಗಪ್ಪ ಕೂತಿದ್ದ.

"ಮಸ್ತ್ ಹೇಳಿದಿ," ಎಂದ. "ಒಂದೇ ಮಾತು. ಆ ಮನಿ ಬಾಗಿಲು ಹಾಕಿತ್ತು ಅಂದಿ. ಒಳಗಿನ ಬ್ಯಾಳಿ ನಿನಗ ಹೆಂಗ ಕಂಡಿತು?"

ನಾನು ಚಹಾ ಊದಿದೆ.

"ರೊಟ್ಟಿ ಜತಿ ರುಚಿನೂ ಹೇಳಿದಿ."

ಚೌಡಣ್ಣ ಜರಡಿ ಹಿಡಿದ ಕೈಯಲ್ಲೇ ನಿಂತ. ಇಡೀ ಅಂಗಡಿ ನನ್ನ ಮುಖ ನೋಡಿತು.

"ನಮ್ಮ ಮನಿ ಬ್ಯಾಳಿನೇ," ಎಂದೆ. "ಮೊದಲನೇ ಕೊಡನೂ ನಮ್ದೇ. ಬಾಗಿಲು ಹಾಕ್ಕೊಂಡು ಕುಂತವನೂ ನಾನೇ."

"ಅಂಗಡಿ ಎಷ್ಟು ಅಂತಸ್ತು?"

"ಕೆಳಗೊಂದು… ಮ್ಯಾಲೊಂದು."

"ನಾನು ಒಳಗ ಉಪ್ಪಿಟ್ಟು ತಿನ್ನಾಕ ಹತ್ತಿದ್ನಿ. ಕೋಲು ತಾನೇ ಎದ್ದು ಚಂದ್ರಗ ಬಡೀತೇನು?"

ಇನ್ನು ಮುಚ್ಚಿಟ್ಟು ಫಲವಿಲ್ಲ. ನಮ್ಮ ಓಣಿ ಆವತ್ತಿನಿಂದ ಕತ್ತಲಲ್ಲಿದೆ. ಗಂಗಾಂಬಿಕಾ, ಅಂದರೆ ನನ್ನ ಹೆಂಡತಿ, ನಿತ್ಯವೂ ಅದಕ್ಕೇ ಬೈಯುತ್ತಾಳೆ. ದೇವರ ಗೂಡಿನಲ್ಲಿರುವ ಚೂರು ನಮ್ಮ ಮನೆ ಮುಂದಿನ ಬೀದಿದೀಪದ್ದು. ಆದರೆ ಒಂದು ಮಾತು ನಿಜ, ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ: ಕೋಲು ಹುಲುಗಪ್ಪನದೇ. ಎತ್ತಿದ ಕೈ ಮಾತ್ರ ನನ್ನದು.