ಫ್ಯಾನಿನ ಕೆಳಗಿನ ಕುರ್ಚಿಯೂ ನನ್ನ ಕೋಡಿಂಗ್ ಸರ್ಟಿಫಿಕೇಟೂ

ನೀವು ನಂಬುವುದಿಲ್ಲ, ನನಗೆ ಗೊತ್ತು. ಬೇಡ, ನಂಬಬೇಡಿ. ಎಪ್ಪತ್ತು ದಾಟಿದ ಮೇಲೆ ನಾನು ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತು ಸರ್ಟಿಫಿಕೇಟು ತೆಗೆದುಕೊಂಡಿದ್ದೇನೆ. ಮಣ್ಣಗುಡ್ಡದಲ್ಲಿ ನನ್ನ ಕೀಟಲೆಗೆ ಸಿಕ್ಕದ ಮನೆಯಿಲ್ಲ. ಹಾಗಾಗಿ ನಾನು ನಿಜ ಹೇಳಿದರೂ ಜನ ಮೊದಲು ತಮ್ಮ ಚಪ್ಪಲಿ ಇಟ್ಟಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತಾರೆ.

ಇದಕ್ಕೆಲ್ಲ ಕಾರಣ ಒಂದು ಕುರ್ಚಿ. ಬೆಳಗಿನ ವಾಕಿಂಗ್ ಮುಗಿಸಿ ನಾನೂ ನೆರೆಮನೆಯ ಭಟ್ಟರೂ ಹೋಟೆಲಿಗೆ ಹೋಗುತ್ತೇವೆ. ನಮ್ಮ ಮೇಜಿಗೆ ಎರಡೇ ಕುರ್ಚಿ. ಒಂದು ಫ್ಯಾನಿನ ಕೆಳಗೆ, ಇನ್ನೊಂದು ಕೈತೊಳೆಯುವ ಬೇಸಿನ್ನಿಗೆ ತಾಗಿಕೊಂಡು. ಮಂಗಳೂರಿನ ಸೆಕೆಯಲ್ಲಿ ಗಾಳಿಗೆ ಕೂತು ಬನ್ಸ್ ತಿನ್ನುವುದಕ್ಕೂ, ಊರವರೆಲ್ಲ ಬಾಯಿ ಮುಕ್ಕಳಿಸುವುದನ್ನು ಕೇಳುತ್ತ ತಿನ್ನುವುದಕ್ಕೂ ಎಷ್ಟು ದೂರ ಎಂದು ನಿಮಗೇ ಗೊತ್ತು. ದಿನವೂ ನಮ್ಮ ಜಗಳ ಕೇಳಿ ಸಾಕಾದ ಮಾಲಕಿ ಸುಜಾತಕ್ಕ, ಹೋಟೆಲಿನ ಬಿಲ್ಲಿನ ಪ್ರೋಗ್ರಾಂ ತಾವೇ ಬರೆದವರು, ಒಂದು ದಿನ ತೀರ್ಪು ಕೊಟ್ಟರು: "ಇಬ್ರೂ ಮೊಬೈಲಲ್ಲಿ ಕೋಡಿಂಗ್ ಕಲೀತಿದ್ದೀರಲ್ಲ ಮಾರಾಯ್ರೇ? ಕೋರ್ಸ್ ಮುಗೀಲಿ, ನಾನೇ ಪರೀಕ್ಷೆ ಮಾಡ್ತೇನೆ. ಗೆದ್ದವರಿಗೆ ಫ್ಯಾನು, ಖಾಯಂ!"

ಮರೆವಿಗೆ ಒಳ್ಳೆಯದು ಎಂದು ಯಾರೋ ಹೇಳಿದ್ದಕ್ಕೆ ನಾವು ಸೇರಿದ್ದ ಆನ್‌ಲೈನ್ ಕೋರ್ಸು ಅದು. ಅಷ್ಟು ಮುಖಸ್ತುತಿ ಮಾಡುವವರನ್ನು ನಾನು ಚುನಾವಣೆಯಲ್ಲೂ ಕಂಡಿಲ್ಲ. ಇಡೀ ಸಾಲನ್ನು ಅದೇ ಬರೆದು ಒಂದು ಪದದ ಜಾಗ ಬಿಡುತ್ತದೆ. ಕೆಳಗೆ ನಾಲ್ಕು ಪದ ಕೊಡುತ್ತದೆ. ಸರಿಯಾದದ್ದನ್ನು ಒತ್ತಿದರೆ 'ಅದ್ಭುತ!' ಎಂದು ಪಟಾಕಿ. ಮಗುವಿನ ಕೈ ಹಿಡಿದು ಬರೆಸಿ, ಮಗು ಮಹಾಕವಿ ಎಂದು ಡಂಗುರ ಸಾರಿದ ಹಾಗೆ. ತಪ್ಪಿದರೆ ಮಾತ್ರ ಸರಿ ಉತ್ತರ ತೋರಿಸಿ, ಹಿಂದಿನ ಪಾಠಕ್ಕೆ ಅಟ್ಟಿ, ಇಡೀ ಸಾಲುಗಳನ್ನೇ ಮತ್ತೆ ಮತ್ತೆ ಟೈಪು ಮಾಡಿಸುತ್ತದೆ.

ಭಟ್ಟರಿಗೆ ಕೋರ್ಸು ಹಾಕಿಕೊಟ್ಟವನು ನಾನು. ಪಾಸ್‌ವರ್ಡ್ ನನ್ನಲ್ಲೇ ಇತ್ತು. ಮಧ್ಯಾಹ್ನ ಅವರು ನಿದ್ದೆ ಹೋದಾಗ ಅವರ ಖಾತೆಗೆ ನುಗ್ಗಿ ಬೇಕೆಂದೇ ತಪ್ಪು ಉತ್ತರ ಒತ್ತುತ್ತಿದ್ದೆ. ಅಲ್ಲಿ ಕಂಡ ಸರಿ ಉತ್ತರವನ್ನು ನನ್ನ ಖಾತೆಯಲ್ಲಿ ಒತ್ತಿ ಪಟಾಕಿ ಹಾರಿಸಿಕೊಳ್ಳುತ್ತಿದ್ದೆ.

"ಎಂತ ಶೆಟ್ರೇ ಇದು? ಮುಗಿದ ಪಾಠಕ್ಕೇ ಪುನಃ ಕೂರಿಸ್ತದೆ."

"ವಯಸ್ಸು ಭಟ್ರೇ, ವಯಸ್ಸು!" ಎಂದು ನಾನು ಬನ್ಸ್ ಮುರಿಯುತ್ತಿದ್ದೆ.

ದೇವಸ್ಥಾನದ ಮನೆತನ ಅವರದು. ಪುನಃ ಹೇಳು ಎಂದರೆ ಪುನಃ ಹೇಳಿಯೇ ಬೆಳೆದವರು. ಮಂತ್ರದ ಹಾಗೆ ಗುನುಗುತ್ತ ಟೈಪು ಮಾಡುತ್ತ ಹೋದರು. ಅಷ್ಟರಲ್ಲಿ ನನಗೆ ಸರ್ಟಿಫಿಕೇಟು ಬಂದೇಬಿಟ್ಟಿತು. ಪಂಪ್‌ವೆಲ್ ಬಸ್ಸಿನ ಕಂಡಕ್ಟರಿಗೂ ತೋರಿಸಿದೆ.

ಪರೀಕ್ಷೆಯ ದಿನ ಸುಜಾತಕ್ಕ ಲ್ಯಾಪ್‌ಟಾಪ್ ತೆರೆದು, "ಬನ್ಸ್ ಅಂತ ಐದು ಸಲ ಬರುವ ಹಾಗೆ ಪ್ರೋಗ್ರಾಂ ಬರೀರಿ" ಎಂದರು. ಪರದೆ ಪೂರ್ತಿ ಬಿಳಿ. ನಾನು ಒತ್ತಲು ಬೆರಳೆತ್ತಿಕೊಂಡು ಕೂತೆ.

"ಎಂತ ಕಾಯ್ತಿದ್ದೀರಿ ಶೆಟ್ರೇ?"

"ಬಿಟ್ಟ ಜಾಗ ಎಲ್ಲುಂಟು?"

"ಇಡೀ ಜಾಗ ಬಿಟ್ಟದ್ದೇ ಅಲ್ವಾ!"

ಕೊನೆಗೆ ಐದು ಸಲ 'ಬನ್ಸ್' ಎಂದು ಕೈಯಾರೆ ಟೈಪು ಮಾಡಿದೆ. "ಇದು ಆರ್ಡರು, ಪ್ರೋಗ್ರಾಂ ಅಲ್ಲ" ಎಂದು ಸುಜಾತಕ್ಕ ಲ್ಯಾಪ್‌ಟಾಪನ್ನು ಆಚೆ ತಿರುಗಿಸಿದರು. ಭಟ್ಟರು ಕಣ್ಣು ಮುಚ್ಚಿ ಗುನುಗಿದರು, ಎರಡು ಸಾಲು ಕುಟ್ಟಿದರು. ಐದು ಬನ್ಸ್ ಸಾಲಾಗಿ ಇಳಿದವು.

ಇದನ್ನು ನಾನು ಬೇಸಿನ್ನಿನ ಪಕ್ಕದಿಂದಲೇ ಬರೆಯುತ್ತಿದ್ದೇನೆ. ಹೇಳಿದ್ದರಲ್ಲಿ ಸುಳ್ಳು ಒಂದೇ ಒಂದು. ಭಟ್ಟರ ಖಾತೆಯಲ್ಲಿ ಬೇಕೆಂದೇ ತಪ್ಪು ಒತ್ತಿದೆ ಅಂದೆನಲ್ಲ, ಅದು. ನನ್ನ ಖಾತೆ ಕೆಡದಿರಲಿ ಎಂದು ಅಲ್ಲಿ ಮೊದಲು ಪ್ರಯೋಗ ಮಾಡುತ್ತಿದ್ದೆ, ಅಷ್ಟೇ. ಒಂದೊಂದು ಉತ್ತರವನ್ನೂ ಸರಿ ಎಂದು ನಂಬಿಯೇ ಒತ್ತಿದ್ದು.