ಹಿಮಾಲಯ ಇಳಿಯಲು ಆರು ತಿಂಗಳು

ನನ್ನ ಸೋದರಮಾವ ಇಲ್ಲದೆ ಹೋಗಿದ್ದರೆ ಇಪ್ಪತ್ತನೆಯ ಶತಮಾನ ನಮ್ಮೂರಿಗೆ ಬರುತ್ತಲೇ ಇರಲಿಲ್ಲ! ಹುಣಸೂರಿನವರೆಗೆ ಬಂದು, ಬಸ್ ನಿಲ್ದಾಣದಲ್ಲಿ ಒಂದು ಲೋಟ ಕಾಫಿ ಕುಡಿದು, ಮುಂದಿನ ರಸ್ತೆಯ ಗುಂಡಿಗಳನ್ನು ನೋಡಿ, ಬಂದ ಬಸ್ಸಿನಲ್ಲೇ ಮೈಸೂರಿಗೆ ವಾಪಸಾಗಿಬಿಡುತ್ತಿತ್ತು. ಅದನ್ನು ಎಳೆದು ತಂದು, ಪಿರಿಯಾಪಟ್ಟಣದ ರಸ್ತೆ ಬದಿಯ ನಮ್ಮ ಹಳ್ಳಿಯ ಒಂದೊಂದು ತೊಟ್ಟಿಲಿಗೂ ಕಟ್ಟಿಹಾಕಿದವನು ನನ್ನ ಮಾವ.

ಉತ್ಪ್ರೇಕ್ಷೆ ಅನ್ನುತ್ತೀರಾ? ಇರಬಹುದು. ಐವತ್ತರ ದಶಕದ ನನ್ನ ನೆನಪುಗಳಲ್ಲಿ ಅರ್ಧ ನಾನು ತೊಟ್ಟಿಲಲ್ಲಿದ್ದಾಗಿನವು. ಇನ್ನರ್ಧ ಬೇರೆಯವರ ಬಾಯಿಂದ ಕದ್ದವು. ಅಷ್ಟಕ್ಕೂ ನೆನಪು ಬಹಳ ಓರಣವಾಗಿ ಬಂದು ಎದುರಿಗೆ ಕೂತರೆ ನನಗೆ ಅನುಮಾನ. ಸುಳ್ಳು ಹೇಳಲು ಹೊರಟವರೇ ಅಲ್ಲವೇ ಅಷ್ಟು ನೀಟಾಗಿ ತಲೆ ಬಾಚಿಕೊಳ್ಳುವುದು? ಆದ್ದರಿಂದ ಇದು ಕೆದರಿದ ತಲೆಯಲ್ಲೇ ಬರಲಿ.

ಮಾವನದು ದಿನಸಿ ಅಂಗಡಿ. ಪೊಟ್ಟಣ ಕಟ್ಟಲು ಮೈಸೂರಿನಿಂದ ಹಳೆಯ ಪತ್ರಿಕೆಗಳ ಕಟ್ಟು ಬಸ್ಸಿನ ಟಾಪಿನ ಮೇಲೆ ಕೂತು ಬರುತ್ತಿತ್ತು. ಯಾರೋ ಓದಿ, ಯಾರೋ ಮಡಿಸಿ, ಯಾರೋ ಅದರ ಮೇಲೆ ಉಪ್ಪಿಟ್ಟು ತಿಂದು, ರದ್ದಿಗೆ ಹಾಕಿದ ಹಾಳೆಗಳು. ಪ್ರಪಂಚದಲ್ಲಿ ಏನೇ ನಡೆದರೂ ನಮ್ಮೂರಿಗೆ ತಲುಪುವಷ್ಟರಲ್ಲಿ ತಿಂಗಳುಗಳಾಗಿ ಅದಕ್ಕೆ ಎಣ್ಣೆ ಮೆತ್ತಿರುತ್ತಿತ್ತು. ಮಾವನಿಗೆ ಅದರ ಬಗ್ಗೆ ಚಿಂತೆಯೇ ಇಲ್ಲ. ಹಾಳೆ ಅಂಗಡಿ ಮುಟ್ಟಿದ ದಿನವೇ ಸುದ್ದಿ ಆದ ದಿನ! ತಾನು ಓದುವ ತನಕ ಒಂದು ಹಾಳೆಯನ್ನೂ ಹರಿಯುವಂತಿಲ್ಲ. ಕೂತು ಓದುವ ಅಭ್ಯಾಸವೂ ಇಲ್ಲ. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಸೇರು ಹಿಡಿದು ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಲೇ ಓದಬೇಕು. ಬಾಗಿಲಲ್ಲಿ ಗಿರಾಕಿಗಳ ಸಾಲು.

"ಸಾವ್ಕಾರ್ರೇ, ಉಪ್ಪು!"

"ಇರವ್ವ, ಕೊರಿಯಾದಲ್ಲಿ ಯುದ್ಧ ನಿಲ್ಲೋ ಅಂಗೈತೆ."

"ಅದು ನಿಲ್ಲಲಿ ಬುಡಿ, ಒಲೆ ಮ್ಯಾಲೆ ಸಾರು ನಿಲ್ಲಾಕಿಲ್ಲ!"

ಇನ್ನು ತೊಟ್ಟಿಲಿನ ವಿಷಯ. ನಮ್ಮ ಕಡೆ ಆಗ ಹುಟ್ಟಿದ ತಾರೀಖನ್ನು ಯಾರು ನೆನಪಿಡುತ್ತಿದ್ದರು? ಅವತ್ತು ಊರಲ್ಲಿ ಏನಾಯಿತೋ ಅದೇ ತಾರೀಖು. ಕೆರೆ ಏರಿ ಒಡೆದ ದಿನ ಹುಟ್ಟಿದವನು, ಆನೆ ಕಬ್ಬಿಗೆ ನುಗ್ಗಿದ ದಿನ ಹುಟ್ಟಿದವಳು. ಅದು ಬರೀ ತಾರೀಖಾಗಿ ಉಳಿಯುತ್ತಲೂ ಇರಲಿಲ್ಲ. ಇಟ್ಟ ಹೆಸರಿಗಿಂತ ಗಟ್ಟಿಯಾಗಿ ಮೈಗೆ ಅಂಟುತ್ತಿತ್ತು. "ಲೋ ಏರಿ ಒಡೆದೋನೇ, ಬಾರ್ಲಾ ಇಲ್ಲಿ!" ಎಂದರೆ ಮೊಮ್ಮಕ್ಕಳನ್ನು ಕಂಡ ಗಂಡಸೊಬ್ಬ ಎದ್ದು ಬರುತ್ತಿದ್ದ.

ನಾನು ಹುಟ್ಟಿದ ದಿನ ನಮ್ಮೂರಲ್ಲಿ ಆದದ್ದು ಒಂದೇ. ಬಾಣಂತನಕ್ಕೆಂದು ತವರಿಗೆ ಬಂದಿದ್ದ ನನ್ನ ಅವ್ವ ತೀರಿಕೊಂಡಳು.

ಊರಿನ ಪದ್ಧತಿಯಂತೆ ನನ್ನ ತಾರೀಖು ಏನಾಗಬೇಕಿತ್ತು ಎಂದು ಬಿಡಿಸಿ ಹೇಳಬೇಕೇ? ಎದುರುಮನೆಯ ನಂಜವ್ವ ಅದನ್ನು ಆಗಲೇ ಬಾಯಿಬಿಟ್ಟು ಹೇಳಿದ್ದಳಂತೆ. "ಅವ್ವನ್ನ ತಿಂದ್ಕಂಡು ಉಟ್ಟೈತಲ್ರವ್ವಾ ಕೂಸು!" ಅಂಗಳದಲ್ಲಿ ಶತಪಥ ಹಾಕುತ್ತಿದ್ದ ಮಾವ ಗಕ್ಕನೆ ನಿಂತನಂತೆ.

"ಇಲ್ಲ. ಇದು ಹಿಮಾಲಯ ಹತ್ತಿದ ದಿಸ ಉಟ್ಟಿದ್ದು."

ಸಾವಿಗೆ ಬಂದಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಮಾಲಯ ಎಲ್ಲಿದೆ? ಹತ್ತಿದವರು ಯಾರ ಕಡೆಯವರು? ಮೇಲೆ ದೇವಸ್ಥಾನ ಇದೆಯೋ ಇಲ್ಲವೋ?

"ಪ್ರಪಂಚದಲ್ಲೇ ಎತ್ತರದ ಬೆಟ್ಟ ಕಣ್ರಪ್ಪ. ಇಬ್ರು ಹತ್ತಿದ್ರು. ಇಬ್ರೂ ಕ್ಷೇಮವಾಗಿ ಇಳುದ್ರು" ಎಂದನಂತೆ ಮಾವ. ಮುಂದಿನ ವರ್ಷಗಳಲ್ಲಿ ಈ ಕಥೆಯನ್ನು ನಾನೇ ಎಷ್ಟು ಸಲ ಕೇಳಿದೆನೋ! ಒಂದೊಂದು ಸಲ ಒಂದೊಂದು ಬಗೆ. ಒಮ್ಮೆ ಬಿರುಗಾಳಿ, ಒಮ್ಮೆ ಕರಡಿ. ಕೊನೆಯ ಮಾತು ಮಾತ್ರ ಬದಲಾಗುತ್ತಿರಲಿಲ್ಲ. ಅದನ್ನು ಹೇಳುವ ಮೊದಲು ಯಾರಾದರೂ ಎದ್ದು ಹೊರಟರೆ, ರಸ್ತೆವರೆಗೂ ಹಿಂದೆ ಹೋಗಿ ಕೂಗುತ್ತಿದ್ದ: "ಇಬ್ರೂ ಇಳುದ್ರು ಕಣಯ್ಯಾ!"

ಬೆಟ್ಟದ ಸುದ್ದಿ ಹೊತ್ತು ಆ ದಿನ ಅಂಗಡಿಗೆ ಬಂದಿದ್ದ ಹಾಳೆಯಲ್ಲೇ ಇಂಗ್ಲೆಂಡಿನ ರಾಣಿಯ ಪಟ್ಟಾಭಿಷೇಕವೂ ಇತ್ತು. ನಂಜವ್ವನಿಗೆ ಇದು ಹೇಗೋ ತಿಳಿಯಿತು. ತಿಳಿದ ಮೇಲೆ ಸುಮ್ಮನಿರುತ್ತಾಳೆಯೇ?

"ಎಣ್ ಕೂಸ್ಗೆ ರಾಣಿ ಕೊಡಾದು ಬುಟ್ಟು ಬೆಟ್ಟ ಕೊಟ್ಟವ್ನೆ, ನೋಡ್ರವ್ವಾ ಇವನ ಬುದ್ಧೀಯ!"

"ರಾಣಿ ಒಬ್ಳೇ ಕಣವ್ವ" ಎನ್ನುತ್ತಿದ್ದ ಮಾವ. ಇದೆಂಥ ಉತ್ತರ? ಯಾರಿಗೂ ಅರ್ಥವಾಗಲಿಲ್ಲ. ಅಂತೂ ಮಾವನ ಮನೆಯಲ್ಲೇ ಬೆಳೆದ ನನಗೆ ಎರಡು ಹೆಸರಾಯಿತು. ಬೀದಿಯ ನಮ್ಮ ಕಡೆ ಹಿಮಾಲಯ. ನಂಜವ್ವನ ಕಡೆ, ಇನ್ನೊಂದು. ಬೀದಿ ಅಗಲವಿರಲಿಲ್ಲ.

ಒಂದು ಕೂಸಿಗೆ ಇಡೀ ಪ್ರಪಂಚದ ಬೆಟ್ಟ ಸಿಕ್ಕಿತೆಂದರೆ ಬೇರೆ ತಾಯಂದಿರು ಬಿಡುತ್ತಾರೆಯೇ? "ನಮ್ಮ ಮಗೀಗೇನು ಕೇಡು ಬಂತು? ಇದ್ಕೂ ಒಂದು ಕೊಡಿ ಸಾವ್ಕಾರ್ರೇ!" ಅಲ್ಲಿಗೆ ಶುರುವಾಯಿತು. ಯಾರ ಮನೆಯಲ್ಲಿ ಹೆರಿಗೆಯಾದರೂ ಅಪ್ಪನಾದವನು ಅಂಗಡಿಗೆ ಓಡಿ ಬರುವುದು. ಎಲ್ಲರೂ ಕೇಳುವಂತೆ ಮಾವನೂ ಮೊದಲು, "ಇಬ್ರೂ ಕ್ಷೇಮವಾ?" ಎಂದು ಕೇಳುವುದು. ಹೌದು ಎಂದ ಮೇಲೆಯೇ ಹಾಳೆಗಳನ್ನು ಮಗುಚುವುದು. ಅಂಗಡಿಯಲ್ಲಿ ಕಡಲೆ ಮುಗಿದ ದಿನವಿದೆ, ಪ್ರಪಂಚದ ಘಟನೆ ಮುಗಿದ ದಿನವಿಲ್ಲ.

ಐವತ್ತೆಂಟರಲ್ಲಿ ಒಂದು ಅನಾಹುತವಾಯಿತು. ಗೌಡರ ಮನೆಯ ಇಬ್ಬರು ಸೊಸೆಯರೂ ಒಂದೇ ವಾರದಲ್ಲಿ ಹೆತ್ತರು. ಬಸ್ಸಿನಿಂದ ಇಳಿದ ಕಟ್ಟಿನಲ್ಲಿದ್ದದ್ದೂ ಎರಡೇ ದೊಡ್ಡ ಸುದ್ದಿ. ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದ್ದರು. ಆಮೇಲೆ ಇನ್ನೊಂದರಲ್ಲಿ ನಾಯಿ ಕೂರಿಸಿ ಕಳಿಸಿದ್ದರು. ಮಾವ ಮೊದಲು ಬಂದ ಹಿರಿಸೊಸೆಯ ಮಗುವಿಗೆ ಉಪಗ್ರಹ ಕೊಟ್ಟ. ಕಿರಿಸೊಸೆಗೆ ಉಳಿದದ್ದು ನಾಯಿ! ಹಸಿ ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಅಂಗಡಿಗೇ ಬಂದಳು.

"ನನ್ನ ಮಗೀಗೆ ನಾಯಿನೇ ಆಗಬೇಕಿತ್ತಾ? ನಮ್ಮ ವಾರಗಿತ್ತಿ ಮೋರೆ ನೋಡಿ ಕೊಟ್ರಾ?"

"ತಡಿಯವ್ವ. ಉಪಗ್ರಹ ಅಂದ್ರೇನು? ತಗಡು. ಜೀವ ಇಲ್ಲ. ನಾಯಿ ಅಂಗಲ್ಲ. ನಮ್ ತಾಲೂಕಲ್ಲಿ ಅಮಲ್ದಾರ್ರೇ ಅಷ್ಟೆತ್ತರಕ್ಕೆ ಹೋಗಿಲ್ಲ!"

ಅವಳು ಯೋಚಿಸಿದಳು. ತಲೆಯೆತ್ತಿಕೊಂಡು ಮನೆಗೆ ಹೋದಳು. ಸಂಜೆ ಹಿರಿಸೊಸೆ ಬಂದು ನಿಂತಳು. "ನಮ್ದು ತಗಡಂತೆ?"

ದೊಡ್ಡವರೂ ಬಿಡಲಿಲ್ಲ. ಅಂತರಸಂತೆ ಕಡೆಯಿಂದ ಬಿದಿರು ಗಾಡಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಮಾರಾಯ, "ನಂಗೂ ಒಂದು ಕೊಡಿ ಬುದ್ಧಿ, ನಾನೂ ಉಟ್ಟಿವ್ನಿ" ಎಂದ. ಹಳೆಯ ಘಟನೆಗಳ ದಾಸ್ತಾನೂ ಮಾವನ ತಲೆಯಲ್ಲಿತ್ತು. ಅವನ ಹಲ್ಲು, ಕೂದಲು ಎಲ್ಲ ಪರೀಕ್ಷಿಸಿ, "ಹದಿನಾಲ್ಕು. ಮೊದಲ್ನೇ ಮಹಾಯುದ್ಧ ಶುರುವಾದಾಗ" ಎಂದು ತೀರ್ಪು ಕೊಟ್ಟ. ಮುಂದಿನ ಸಲ ಗಾಡಿಯಲ್ಲಿ ಬಿದಿರಿನ ಮೇಲೆ ಅವನ ಹೆಂಡತಿ.

"ಏನ್ ಕೊಟ್ರಿ ಬುದ್ಧಿ ಇವ್ರ್ಗೆ? ಅವತ್ತಿಂದ ಮನೇಲಿ ದಿನಾ ಜಗಳ. ನಾನು ಯುದ್ಧದೋನು ಅಂತ ಮೀಸೆ ತಿರುವ್ತಾರೆ. ಅದನ್ನ ವಾಪಸ್ ತಕ್ಕಂಡು ಬ್ಯಾರೆ ಕೊಡಿ, ಒಸಿ ತಣ್ಣಗಿರಾದು."

ಮಾವ ಧಾರಾಳವಾಗಿ ಯುದ್ಧ ನಿಂತ ವರ್ಷವನ್ನು ಕೊಟ್ಟ. ಅವನಿಗೆ ಒಂದೇ ಏಟಿಗೆ ನಾಲ್ಕು ವರ್ಷ ಕಡಿಮೆಯಾಯಿತು. ಹೆಂಡತಿ ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಎಂದರೆ ಆ ಕ್ಷಣದವರೆಗೆ!

"ಅಂಗಾರೆ ಈಗ ನಾನೇ ದೊಡ್ಡೋಳು" ಎಂದಳು ಅವಳು ನಿಧಾನಕ್ಕೆ. "ಇಳೀರಿ ಕೆಳಗೆ. ಗಾಡಿ ನಾನ್ ಹೊಡೀತೀನಿ."

ಈ ಗಾಡಿಯ ಪ್ರಸಂಗವನ್ನು ನಾನು ಕಣ್ಣಾರೆ ಕಂಡೆನೇ? ನಾಲ್ಕು ವರ್ಷದ ಹುಡುಗಿಗೆ ಮಹಾಯುದ್ಧದ ಲೆಕ್ಕ ಹೇಗೆ ಗೊತ್ತು? ಯಾರೋ ತಿದ್ದಿ ತೀಡಿ ನನ್ನ ತಲೆಗೆ ತುಂಬಿರಬೇಕು. ಆ ಯಾರೋ ನಾನೇ ಇದ್ದರೂ ಇರಬಹುದು. ಆದರೆ ಮುಂದಿನದು ಹಾಗಲ್ಲ. ಅದರಲ್ಲಿ ನನ್ನ ತಲೆಯ ಮೇಲೆ ಮಾವನ ಕೈ ಇತ್ತು. ಕೈಯ ಭಾರ ಈಗಲೂ ಇದೆ.

ಐವತ್ತೊಂಬತ್ತರ ಜೂನ್. ಶಾಲೆಗೆ ನನ್ನನ್ನು ಸೇರಿಸುವ ದಿನ. ಕೃಷ್ಣರಾಜನಗರದಿಂದ ವರ್ಗವಾಗಿ ಬಂದಿದ್ದ ಹೊಸ ಮೇಷ್ಟ್ರು ಮೇಜಿನ ಹಿಂದೆ. ನಮ್ಮ ಹಿಂದೆ, ಮೊಮ್ಮಗನ ಕಿವಿ ಹಿಡಿದು ನಿಂತ ನಂಜವ್ವ. ಅವಳು ಅಲ್ಲಿದ್ದಾಳೆಂದು ತಿಳಿದ ಕೂಡಲೇ ಮಾವನ ಕಾಲು ಚಡಪಡಿಸತೊಡಗಿತು. ಮೇಷ್ಟ್ರ ಮುಂದೆ ಶತಪಥ ಹಾಕುವಂತಿಲ್ಲವಲ್ಲ, ನಿಂತಲ್ಲೇ ನಡೆಯುತ್ತಿದ್ದ.

"ಹುಟ್ಟಿದ್ದು ಯಾವಾಗ?"

"ಐವತ್ಮೂರು ಸ್ವಾಮಿ. ಹಿಮಾಲಯ ಹತ್ತಿದ ದಿಸ."

ಮೇಷ್ಟ್ರಿಗೆ ಖುಷಿಯಾಯಿತು. "ಓಹೋ! ಅದು ಮೇ ತಿಂಗಳ ಕೊನೆ. ಹಾಗಾದರೆ ಆರು ತುಂಬಿತು."

"ಮೇ ತಿಂಗ್ಳೆಲ್ ಬಂತು ಮೇಷ್ಟ್ರೇ?" ನಂಜವ್ವ ಮುಂದೆ ಬಂದಳು. "ರಾಗಿ ಕುಯ್ಲಲ್ಲಿ ಉಟ್ಟಿದ್ದು. ಇವಳವ್ವನ್ನ..."

"ಹೌದು ಸ್ವಾಮಿ, ರಾಗಿ ಕುಯ್ಲೇ!" ಮಾವ ಎಷ್ಟು ಜೋರಾಗಿ ಕೂಗಿದನೆಂದರೆ ಮೂರನೇ ಕ್ಲಾಸಿನ ಮಗ್ಗಿ ನಿಂತುಹೋಯಿತು.

"ಆರು ತಿಂಗಳ ವ್ಯತ್ಯಾಸ ಬರುತ್ತಲ್ರೀ?"

"ಇಳೀಬೇಕಲ್ವಾ ಸ್ವಾಮಿ?"

"ಏನು?"

"ಹತ್ತಿದೋರು ಇಳೀಬೇಕಲ್ವಾ? ನೀವು ನಮ್ಮ ಬೆಟ್ಟದಪುರದ ಬೆಟ್ಟ ಹತ್ತಿದ್ದೀರಾ? ಹತ್ತಾದು ಸಲೀಸು. ಇಳಿಯೋವಾಗ ಮಂಡಿ ಗಡಗಡ ಅನ್ನಾಕಿಲ್ವಾ? ಅದಕ್ಕೇ ಅಂಗಾದ್ರೆ, ಇದು ಹಿಮಾಲಯ! ಐಸು! ಕಾಲಿಟ್ಟ ಕಡೆ ಜಾರ್ತದೆ!"

"ಅದಕ್ಕೆ ಆರು ತಿಂಗಳಾ?"

"ನಿಧಾನಕ್ಕೆ ಇಳುದ್ರು ಸ್ವಾಮಿ. ಅವಸರ ಮಾಡಿ ಒಬ್ಬರಿಗೇನಾರ ಆಗಿದ್ರೆ?"

ಶಾಲೆಯೇ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮೇಷ್ಟ್ರೂ ನಕ್ಕರು, ಆಮೇಲೆ ಮಾವನ ಮುಖ ನೋಡಿ ನಿಲ್ಲಿಸಿದರು. ಮಾವ ನಗುತ್ತಿರಲಿಲ್ಲ. ಮೇಷ್ಟ್ರು ಇನ್ನೇನನ್ನೂ ಕೇಳದೆ, ಊರಿನ ಮಕ್ಕಳಿಗೆಲ್ಲ ಹಾಕುತ್ತಿದ್ದ ಅದೇ ಜೂನ್ ತಿಂಗಳ ತಾರೀಖನ್ನು ನನಗೂ ಹಾಕಿ, "ಹೋಗಮ್ಮ ಹಿಮಾಲಯ, ಒಳಗೆ ಕೂತ್ಕೋ" ಎಂದರು. ನಂಜವ್ವ ಮೂತಿ ತಿರುಗಿಸಿದಳು.

ಆ ವರ್ಷವೇ ಮಾವನ ಹೆಂಡತಿ, ನನ್ನ ಅತ್ತೆ, ಬಸುರಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಮೊದಲ ಬಸಿರು. ಊರಿಗೆ ಒಂದೇ ಕುತೂಹಲ: ಊರ ಮಕ್ಕಳಿಗೆಲ್ಲ ಹಂಚಿದ ಸಾವ್ಕಾರ ಸ್ವಂತ ಮಗುವಿಗೆ ಏನು ಇಟ್ಟುಕೊಂಡಿದ್ದಾನೆ? ಉತ್ತರ ಅಂಗಡಿಯ ಮೇಲಿನ ಹಲಗೆಯ ಮೇಲಿತ್ತು. ರಷ್ಯಾದವರು ಈ ಸಲ ಚಂದ್ರನಿಗೇ ಗುರಿಯಿಟ್ಟು ಹೊಡೆದಿದ್ದರು. ಆ ಹಾಳೆಯನ್ನು ಮಾವ ಮಡಿಸಿ ತೆಗೆದಿಟ್ಟಿದ್ದ. ಯಾರದೋ ಮಗು ಹುಟ್ಟಿದಾಗ ಕೇಳಿದ್ದಕ್ಕೆ, "ಅದು ಕೊಡಾಕಿಲ್ಲ" ಎಂದಿದ್ದ. "ಚಂದ್ರನ್ನ ಮನೆಗೇ ಮಡಿಕ್ಕಂಡವ್ನೆ ಕಣ್ಲಾ!" ಎಂದು ಊರೆಲ್ಲ ಆಡಿಕೊಂಡಿತು.

ಒಂದು ಬೆಳಿಗ್ಗೆ ಅತ್ತೆಗೆ ನೋವು ಶುರುವಾಯಿತು. ಸೂಲಗಿತ್ತಿ ಒಳಗೆ ಹೋದಳು, ಕರೆಯದಿದ್ದರೂ ನಂಜವ್ವ ಒಳಗೆ ಹೋದಳು, ಬಾಗಿಲು ಹಾಕಿಕೊಂಡಿತು. ನನ್ನ ಅವ್ವನ ಅದೇ ಕೋಣೆ. ಮಾವ ಅಂಗಡಿಯಿಂದ ಅಂಗಳಕ್ಕೆ, ಅಂಗಳದಿಂದ ಅಂಗಡಿಗೆ ಓಡಾಡತೊಡಗಿದ. ಅವನ ಪಂಚೆಯ ತುದಿ ಹಿಡಿದು ನಾನೂ ಹಿಂದೆ ಹಿಂದೆ. ಬೇಳೆ ಕೇಳಿದವರಿಗೆ ಉಪ್ಪು ಕೊಟ್ಟ. ಉಪ್ಪು ಕೇಳಿದವರಿಗೆ ಏನೂ ಕೊಡಲಿಲ್ಲ. ಆ ದಿನದ ಬಸ್ಸು ರದ್ದಿಯ ಹೊಸ ಕಟ್ಟನ್ನು ಇಳಿಸಿಹೋಯಿತು. ಅವನು ಅದರ ದಾರವನ್ನೂ ಬಿಚ್ಚಲಿಲ್ಲ. ಬಿದಿರಿನ ಗಾಡಿಯವನು ಜಗಲಿಯ ಮೇಲೆ ಕೂತು, "ಈಗ ಬತ್ತಾನೆ ನೋಡಿ ಚಂದ್ರ!" ಎಂದ. ಯಾರೂ ನಗಲಿಲ್ಲ.

ಬಾಗಿಲು ತೆರೆಯಿತು. ನಂಜವ್ವ.

"ಗಂಡು ಕಣಪ್ಪೋ!"

"ಅದಲ್ಲ!" ಮಾವ ಕಿರುಚಿದ. "ಅದಲ್ಲ ಕಣವ್ವ... ಇಬ್ರೂ..."

"ಇಬ್ರೂ ಕ್ಷೇಮ ಕಣಪ್ಪ."

ಮಾವ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ಹಗಲು ಹೊತ್ತಿನಲ್ಲಿ ಅವನು ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗಾಡಿಯವನು ಮೆಲ್ಲಗೆ ಕೇಳಿದ. "ಬುದ್ಧಿ, ಏನ್ ಕೊಟ್ರಿ? ಚಂದ್ರಾನಾ?"

ಮಾವ ತಲೆಯಲ್ಲಾಡಿಸಿದ. "ಇವತ್ತು ಪ್ರಪಂಚದಲ್ಲಿ ಏನೂ ಆಗಿಲ್ಲ ಕಣಪ್ಪ. ಇಬ್ರೂ ಇಳುದ್ರು. ಅಷ್ಟೇ."

ಆಮೇಲೆ ಎದ್ದು ಅಂಗಡಿಗೆ ಹೋದ. ಮೇಲಿನ ಹಲಗೆಯಿಂದ ಚಂದ್ರನ ಹಾಳೆಯನ್ನು ತೆಗೆದ, ಓದದೆ ಚೂರು ಚೂರು ಹರಿದ, ಒಂದೊಂದರಲ್ಲೂ ಬೆಲ್ಲದ ಉಂಡೆ ಇಟ್ಟು ಪೊಟ್ಟಣ ಕಟ್ಟಿ ಬಂದವರ ಕೈಗೆಲ್ಲ ಕೊಡುತ್ತ ಹೋದ.

ನಂಜವ್ವ ಮಾತ್ರ ತೆಗೆದುಕೊಳ್ಳಲು ಬರಲಿಲ್ಲ. ಬಾಗಿಲಲ್ಲೇ ನಿಂತು ಮಾವನನ್ನು ನೋಡುತ್ತಿದ್ದಳು. ನಂತರ ನನ್ನನ್ನು ನೋಡಿದಳು. ಇಷ್ಟು ಹೊತ್ತು ಎಲ್ಲ ನೆನಪನ್ನೂ ಅನುಮಾನಿಸುತ್ತ ಬಂದಿದ್ದೇನೆ. ಇದೊಂದನ್ನು ಕೆದಕಲು ಹೋಗುವುದಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಆ ಕೈಯನ್ನು ನನ್ನ ಕಡೆ ಚಾಚಿದಳು.

"ಬಾರವ್ವ ಇಮಾಲಯ. ನಿನ್ನ ತಮ್ಮನ್ನ ನೋಡೀವಂತೆ ಬಾ."